ಬಾಯಿತಪ್ಪಿ ಬಂದ ಮಾತು

ಪ್ರಚಾರದ ಗಾಡಿಯಿಂದ ಗಂಡನ ದನಿ ಹಾಲಿನ ಡೇರಿಯನ್ನು ದಾಟಿತು. ಅವಳು ಅಕ್ಕಿ ತೊಳೆದು ಒಲೆಗಿಟ್ಟಳು. ದನಿ ಸೇತುವೆ ಇಳಿದು ಮರದ ಮಿಲ್ಲಿನ ಹತ್ತಿರ ಬಂದಾಗ ಆಲೂಗಡ್ಡೆ ಹೆಚ್ಚಿ ಬಾಣಲೆಗೆ ಹಾಕಿದಳು. ಇನ್ನು ಶಾಲೆಯ ರಸ್ತೆ, ಆಮೇಲೆ ಮೂಲೆ, ಆಮೇಲೆ ಮನೆ. ದನಿ ಮೂಲೆಗೆ ಬರುವಷ್ಟರಲ್ಲಿ ಅನ್ನ ಇಳಿಸಿ, ತಟ್ಟೆ ಹಾಕಿ, ಅವನ ಗಂಟಲಿಗೆಂದು ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಟ್ಟರೆ ಲೆಕ್ಕ ಸರಿಹೋಯಿತು. ಅವಳು ಮದುವೆಯಾಗಿ ಬಂದ ಲಾಗಾಯ್ತಿನಿಂದ, ಚುನಾವಣೆ ಬಂದಾಗಲೆಲ್ಲ ಆ ಅಡುಗೆಮನೆಯಲ್ಲಿ ಗಡಿಯಾರಕ್ಕೆ ರಜೆ.

"ಮಾನ್ಯ ಮತದಾರ ಬಾಂಧವರೇ, ತಾಯಂದಿರೇ," ಎಂದಿತು ದನಿ, ಶಾಲೆಯ ರಸ್ತೆಯಿಂದ. "ಮನೆ ನೆಟ್ಟಗಿದ್ದರೆ ಊರು ನೆಟ್ಟಗೆ. ಹಿರಿಯರಿಗೆ ಗೌರವ, ದುಡಿಮೆಗೆ ಬೆಲೆ. ನಮ್ಮ ಪಕ್ಷ ಇರುವವರೆಗೆ ಈ ರಸ್ತೆಯಲ್ಲಿ ಹೆಂಡದಂಗಡಿ ತಲೆಯೆತ್ತುವುದಿಲ್ಲ. ಇದು ನಾವು ಕೊಟ್ಟ ಮಾತು, ನಾವು..."

ಅವಳ ಕೈಯ ಸೌಟು ನಿಂತಿತು. ದನಿಯೂ ನಿಂತಿತು. ಎಲ್ಲಿ ನಿಂತಿತೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಶಾಲೆಯ ಗೋಡೆ ಮುಗಿಯುವ ಜಾಗದಲ್ಲಿ, ಹೊಸ ತಗಡಿನ ಚಾವಣಿ ಹಾಕಿ ಕಳೆದ ಚಳಿಗಾಲ ತೆರೆದ ಹೆಂಡದಂಗಡಿಯ ಮುಂದೆ. ಮೈಕು ಇನ್ನೂ ಚಾಲೂ ಇತ್ತು. ಅದರೊಳಗಿಂದ ಮೊದಲು ಯಾರದೋ ಶಿಳ್ಳೆ, ಹಿಂದೆಯೇ ಗೊಳ್ಳೆಂಬ ನಗು, ಚಪ್ಪಾಳೆ, ಕೊನೆಗೆ ಅವಳ ಮಗನ ದನಿ: "ಅಪ್ಪಾ, ಆಫ್ ಮಾಡು." ಕಟಕ್ಕೆಂದು ಎಲ್ಲ ಕಡಿದುಹೋಯಿತು.

"ಯಾಕೆ ನಿಲ್ಲಿಸಿದ?" ಎಂದು ಒಳಕೋಣೆಯಿಂದ ಅತ್ತೆ ಕೇಳಿದರು.

"ವೈರು ಕಿತ್ತಿರಬೇಕು ಅತ್ತೆ."

"ವೈರು ಕಿತ್ತರೆ ಜನ ಚಪ್ಪಾಳೆ ಹೊಡೀತಾರಾ?"

ಆಲೂಗಡ್ಡೆ ತಳ ಹಿಡಿಯಿತು.

ಅಪ್ಪ ಮಗ ಇಬ್ಬರೂ ಒಳಗೆ ಬಂದದ್ದು ಒಬ್ಬರ ಹಿಂದೊಬ್ಬರು, ಆದರೆ ಒಟ್ಟಿಗೆ ಬಂದ ಹಾಗಿರಲಿಲ್ಲ. ಮಗ ಗಾಡಿಯ ಕೀಲಿಯನ್ನು ಮೇಜಿನ ಮೇಲೆ ಎಸೆದ. ಅದು ಜಾರಿ ಉಪ್ಪಿನ ಬಟ್ಟಲಿಗೆ ಬಡಿದು ನಿಂತಿತು. ಗಂಡ ಕೈ ತೊಳೆದುಕೊಂಡು, ಒರೆಸಿಕೊಂಡು, ಮತ್ತೊಮ್ಮೆ ತೊಳೆದುಕೊಂಡ.

"ಬೇಕಂತಲೇ ಹೇಳಿದೆ ತಾನೆ?" ಎಂದ ಮಗ.

"ಇಲ್ಲ ಕಣೋ. ಬಾಯಿಗೆ ಬಂದುಬಿಡ್ತು."

"ಊರೆಲ್ಲ ಬಿಟ್ಟು ಅಲ್ಲೇ ಬಂತು."

"ಅಲ್ಲೇ ಬರಬೇಕಾದ ಮಾತು ಅದು. ಗೋಡೆ ಮುಗೀತು, ಬಾಯಿ ತಾನಾಗೇ ತೆರೀತು. ನಾನೇನ್ ಮಾಡ್ಲಿ?"

ಅವನು ಹೇಳಿದ್ದು ನಿಜವಾಗಿತ್ತು. ಬಾಡಿಗೆಗೆ ಸ್ಪೀಕರು ಕೊಡುವ ಅವನನ್ನು ಊರು ಮೈಕಣ್ಣ ಎಂದೇ ಕರೆಯುತ್ತಿತ್ತು. ಮಗು ಕಾಣೆಯಾದರೆ, ನಲ್ಲಿ ನಿಂತರೆ, ಯಾರಾದರೂ ತೀರಿಕೊಂಡರೆ ಬೀದಿಗೆ ತಿಳಿಸುವುದು ಅವನ ದನಿ. ಚುನಾವಣೆಯಲ್ಲಿ ಮಾತ್ರ ಅದು ಒಂದೇ ಪಕ್ಷದ ದನಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಮೊದಲ ಸಲ ಆ ಪಕ್ಷಕ್ಕಾಗಿ ಮೈಕು ಹಿಡಿದಾಗ, ಶಾಲೆಯ ಗೋಡೆ ಮುಗಿಯುವಲ್ಲಿ ಹಳೆಯ ಹೆಂಡದಂಗಡಿಯೊಂದಿತ್ತು. ಅವನ ಅಪ್ಪನ ಸಂಬಳ ಅಲ್ಲಿಗೇ ಹೋಗುತ್ತಿತ್ತು. ಸಂಬಳದ ಹಿಂದೆ ಅಪ್ಪನೂ ಹೋದ. ಆಮೇಲೆ ಅವನ ಅಮ್ಮ, ಇದೇ ಅತ್ತೆ, ಬೀದಿಯ ಹೆಂಗಸರನ್ನು ಕಟ್ಟಿಕೊಂಡು, ಮನೆಯಿಂದ ಒಂದೊಂದು ಸ್ಟೂಲು ಹೊತ್ತು, ಆ ಬಾಗಿಲಿಗೆ ಅಡ್ಡ ಕೂತರು. ನಗದೆ ಜೊತೆಗೆ ಬಂದು ಕೂತವರು ಆ ಪಕ್ಷದವರೊಬ್ಬರೇ. ಗೆದ್ದ ಮೇಲೆ ಅಂಗಡಿಯನ್ನೂ ಮುಚ್ಚಿಸಿದರು. ಹೆಂಡದಂಗಡಿ ತಲೆಯೆತ್ತುವುದಿಲ್ಲ ಎಂಬ ಮಾತನ್ನು ಕಟ್ಟಿದವನು ಮೈಕಣ್ಣನೇ. ಪ್ರತಿ ಚುನಾವಣೆಯಲ್ಲೂ ಗೋಡೆ ಮುಗಿದ ಕೂಡಲೇ ಹೇಳುತ್ತ ಬಂದಿದ್ದ. ಈ ಸಲ ಪಕ್ಷದವರು ಬರೆದುಕೊಟ್ಟದ್ದರಲ್ಲಿ ಆ ಮಾತು ಇರಲಿಲ್ಲ. ಇರುವುದಾದರೂ ಹೇಗೆ? ಹೊಸ ಅಂಗಡಿಯ ಯಜಮಾನ ಪಕ್ಷದ ವಾರ್ಡ್ ಅಧ್ಯಕ್ಷನ ಹೆಂಡತಿಯ ತಮ್ಮ.

ಇದಕ್ಕೆಲ್ಲ ಅತ್ತೆಯ ಹತ್ತಿರ ಒಂದೇ ಉತ್ತರವಿತ್ತು. ತಟ್ಟೆಯ ಅಂಚಿಗೆ ಕಪ್ಪಾದ ಆಲೂಗಡ್ಡೆ ತಳ್ಳುತ್ತ ಅದನ್ನೇ ಹೇಳಿದರು: "ಇದು ಕೆಳಗಿನ ಪುಡಿ ಹುಡುಗರ ಕೆಲಸ. ಮೇಲಿನವರಿಗೆ ಗೊತ್ತಿಲ್ಲ. ಗೊತ್ತಾದ ದಿನ ಒದ್ದು ಮುಚ್ಚಿಸ್ತಾರೆ."

"ಚಳಿಗಾಲದಿಂದ ಗೊತ್ತಾಗಿಲ್ವಾ ಅಜ್ಜಿ?" ಎಂದ ಮೊಮ್ಮಗ.

"ಅವರಿಗೆ ನೂರೆಂಟು ಕೆಲಸ. ನಿನ್ನ ಹಾಗೆ ಗಾಡಿಯಲ್ಲಿ ಕಾಲು ಚಾಚ್ಕೊಂಡು ಕೂತಿರ್ತಾರಾ?"

ಮರುದಿನದಿಂದ ಊರಿಗೆ ಮೈಕಣ್ಣ ಬೇರೆಯೇ ಮನುಷ್ಯನಾದ. ಔಷಧಿ ಅಂಗಡಿಯಾಕೆ ಗಲ್ಲೆಯಿಂದ ಎದ್ದು ಬಂದು, ಎದೆಗಾರಿಕೆ ಅಂದರೆ ನಿಮ್ಮದು ಎಂದಳಂತೆ. ಡೇರಿಯವನು ಕೈ ಕುಲುಕಿ ಬಿಡಲೇ ಇಲ್ಲವಂತೆ. ತಾವೂ ಆ ಪಕ್ಷಕ್ಕೇ ಓಟು ಹಾಕಿಕೊಂಡು ಬಂದವರು, ಹೇಳುವವರಿಲ್ಲದೆ ಒಳಗೊಳಗೇ ಕುದಿಯುತ್ತಿದ್ದೆವು, ನೀವು ಹೇಳಿಬಿಟ್ಟಿರಿ ಎಂದು ಮರದ ಮಿಲ್ಲಿನ ಇಬ್ಬರು ಮನೆಯವರೆಗೂ ಬಂದು ಹೇಳಿದರು. ಹಾಗಾದರೆ ಈ ಸಲ ಯಾರಿಗೆ ಹಾಕುತ್ತೀರಿ ಎಂದು ಅವಳು ಕೇಳಿದ್ದಕ್ಕೆ ಇಬ್ಬರೂ ಚಹಾದ ಲೋಟದೊಳಗೆ ನೋಡಿದರು.

ಎದುರು ಪಕ್ಷದ ಏಜೆಂಟನೂ ಒಂದು ಬಿಸ್ಕೆಟ್ ಡಬ್ಬಿ ಹಿಡಿದು ಬಂದ. ನಿಮ್ಮಂಥ ದನಿ ನಮ್ಮ ಕಡೆ ಇರಬೇಕು, ಇನ್ನು ಮುಂದಿನ ಎಲ್ಲ ಸಭೆಗಳೂ ನಿಮಗೇ ಎಂದ. ಮೈಕಣ್ಣ ಏನು ಹೇಳಬೇಕೆಂದು ಹುಡುಕುತ್ತಿರುವಾಗಲೇ ಒಳಗಿಂದ ಅತ್ತೆಯ ದನಿ ಬಂತು.

"ಗಂಡ ಕುಡೀತಾನೆ ಅಂತ ನಾನು ಎದುರುಮನೆಯವನ ಜೊತೆ ಓಡಿಹೋಗ್ಲಿಲ್ಲಪ್ಪ."

ಏಜೆಂಟನಿಗೆ ಚಹಾ ನೆತ್ತಿಗೇರಿತು. ಡಬ್ಬಿಯನ್ನು ಅವನ ಕೈಗೇ ಕೊಟ್ಟು ಕಳಿಸಿದರು. ಸಂಜೆ ಮಗ, ಬಿಸ್ಕೆಟ್ಟಾದರೂ ಇಟ್ಟುಕೊಳ್ಳಬಹುದಿತ್ತು ಎಂದು ಗೊಣಗಿದ.

ಬಾಡಿಗೆಯಿಂದ ವಾಪಸು ಬಂದ ವೈರುಗಳನ್ನು ಒರೆಸಿ ಸುತ್ತಿಡುವುದು ಅವಳ ಕೆಲಸ. ಮೊಣಕೈಗೂ ಹೆಬ್ಬೆರಳಿಗೂ ನಡುವೆ ಸುತ್ತುತ್ತ ಕೂತಿದ್ದಾಗ, ವೈರಿನ ಇನ್ನೊಂದು ತುದಿ ಹಿಡಿದಿದ್ದ ಗಂಡನನ್ನು ಕೇಳಿದಳು.

"ನನ್ನ ಹತ್ರ ಆದ್ರೂ ನಿಜ ಹೇಳಿ. ಬೇಕಂತ ಹೇಳಿದ್ದಾ?"

"ಬೇಕಂತ ಹೇಳಿದ್ದಿದ್ರೆ ಎಷ್ಟು ಚೆನ್ನಾಗಿತ್ತು," ಎಂದ ಅವನು. "ಜನ ಬಂದು ಕೈ ಕುಲುಕಿದ್ರೆ ಕಳ್ಳಮಾಲು ಕೈಗಿಟ್ಟ ಹಾಗಾಗುತ್ತೆ ಕಣೇ."

ಪಕ್ಷ ಅವನ ಮೇಲೆ ಕೂಗಾಡಲಿಲ್ಲ. ಕರೆಯುವುದನ್ನು ಬಿಟ್ಟಿತು, ಅಷ್ಟೇ. ಎಲ್ಲಿಂದಲೋ ಬಂದ ಇನ್ನೊಂದು ಗಾಡಿ, ಮೊದಲೇ ಟೇಪಿನಲ್ಲಿ ತುಂಬಿಸಿಟ್ಟ ಹೆಣ್ಣುದನಿಯೊಂದನ್ನು ಹಾಕಿಕೊಂಡು ಬೀದಿ ಸುತ್ತತೊಡಗಿತು. ಅದಕ್ಕೆ ಡೇರಿಯೂ ಒಂದೇ, ಸ್ಮಶಾನದ ಗೇಟೂ ಒಂದೇ, ಎಲ್ಲೂ ನಿಧಾನಿಸುತ್ತಿರಲಿಲ್ಲ. ಅದನ್ನು ನಂಬಿ ಅಡುಗೆ ಮಾಡುವಂತಿರಲಿಲ್ಲವಾದ್ದರಿಂದ ಅವಳು ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿಸಿದಳು. ಪಕ್ಷದವರ ಮನೆಗಳಿಂದ ಬರುತ್ತಿದ್ದ ಸಣ್ಣಪುಟ್ಟ ಬಾಡಿಗೆಗಳೂ ನಿಂತವು. ಮೊಟ್ಟೆ ದಿನ ಬಿಟ್ಟು ದಿನವಾಯಿತು. ಅತ್ತೆಯ ಹಾಲಿಗೆ ನೀರು ಬೆರೆಸುವಾಗ ಅವಳು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಅತ್ತೆ ಕುಡಿದು, ಡೇರಿಯ ಹಸುವಿಗೆ ವಯಸ್ಸಾಯಿತೇನೋ ಎಂದಷ್ಟೇ ಅನ್ನುತ್ತಿದ್ದರು.

ಜಗಳ ಒಂದು ಮಧ್ಯಾಹ್ನ ಊಟದ ನಡುವೆ ಹೊತ್ತಿಕೊಂಡಿತು. ಪುರಭವನದ ಸಭೆ ಸಮಾರಂಭಗಳಿಗೆಲ್ಲ ಸ್ಪೀಕರು ಒದಗಿಸುವ ಕೆಲಸವನ್ನು ಮಗನಿಗೆ ಕೊಡಿಸುವುದಾಗಿ ಅಧ್ಯಕ್ಷ ಮಾತು ಕೊಟ್ಟಿದ್ದ. ಅದು ಸಿಕ್ಕರೆ ಮಳೆಗಾಲದ ಖಾಲಿ ತಿಂಗಳುಗಳ ಭಯ ಇರುವುದಿಲ್ಲ. ಮಗನ ಮದುವೆ ಮಾತೂ ಆಡಬಹುದು. ಈಗ ಅದೂ ಕೈತಪ್ಪುವ ಹಾಗಿತ್ತು. ಹೋಗಿ ಒಂದು ಮಾತು ತಪ್ಪಾಯಿತು ಅನ್ನು ಎಂದು ಮಗ ಗೋಗರೆದ. ತಪ್ಪು ಯಾರದು ಎಂದು ಅಪ್ಪ ಕೇಳಿದ.

"ಪಕ್ಷ ಪಕ್ಷ ಅಂತ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬೆಳೆಸಿದ್ದು ನೀನೇ," ಎಂದ ಮಗ. "ಈಗ ನಾನು ಪಕ್ಷದ ಜೊತೆ ಇದೀನಿ ಅಂದ್ರೆ ನಾನೇ ಕೆಟ್ಟವನು."

"ನೀನು ಪಕ್ಷದ ಜೊತೆ ಇಲ್ಲ. ಪುರಭವನದ ಜೊತೆ ಇದೀಯ."

"ಇದ್ರೆ ಏನೀಗ? ನಿಯತ್ತನ್ನ ಬೇಯಿಸಿ ಬಡಿಸೋಕಾಗುತ್ತಾ? ಅಮ್ಮನ್ನ ಕೇಳು."

ಇಬ್ಬರೂ ಅವಳ ಕಡೆ ನೋಡಿದರು. ಅವಳು ಅನ್ನದ ಪಾತ್ರೆಯ ತಳ ಕೆರೆದು ಮಗನ ತಟ್ಟೆಗೆ ಹಾಕಿದಳು.

"ನನ್ನ ಕೇಳಬೇಡಿ," ಎಂದಳು. "ಇಷ್ಟು ವರ್ಷ ಕೇಳಿದೀರಾ? ಈ ಮನೇಲಿ ಓಟು ಅಂದ್ರೆ ಒಂದೇ ಓಟು. ನೀವು ಹೇಳಿದ ಕಡೆ ಒತ್ತಿ ಬಂದಿದೀನಿ."

"ಈ ಸಲ ನಿನಗೆ ತೋಚಿದವರಿಗೆ ಹಾಕು," ಎಂದ ಗಂಡ, ಮೆಲ್ಲಗೆ.

ಅದೇ ಅವಳಿಗೆ ಎಲ್ಲಕ್ಕಿಂತ ಸಿಟ್ಟು ತರಿಸಿತು. "ನಡು ಹೊಳೆಯಲ್ಲಿ ಕೈ ಬಿಡ್ತೀರಲ್ಲ, ಇದ್ಯಾವ ನ್ಯಾಯ?" ಎಂದು ಪಾತ್ರೆಗಳನ್ನು ಸದ್ದು ಮಾಡುತ್ತ ಎತ್ತಿಕೊಂಡು ಹೋದಳು.

ಅಧ್ಯಕ್ಷ ತಾನಾಗಿಯೇ ಬಂದ. ಹಿಂದೆ ಮೈಕಣ್ಣನ ಜೊತೆ ಸುತ್ತುತ್ತ ಕಂಬಕ್ಕೆ ವೈರು ಕಟ್ಟಿಕೊಡುತ್ತಿದ್ದವನು. ಅವನು ಹಾಕಿದ ಗಂಟು ಯಾರಿಂದಲೂ ಬಿಚ್ಚಲಾಗದೆ ಕತ್ತರಿಸಬೇಕಾಗುತ್ತಿತ್ತು. ಆ ಮನೆಯಲ್ಲಿ ಅವನನ್ನು ಈಗಲೂ ಗಂಟು ಎಂದೇ ಕರೆಯುತ್ತಿದ್ದರು, ಅವನಿಲ್ಲದಾಗ. ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು, ಅಣ್ಣ ಅಕ್ಕ ಎಂದು ಎಲ್ಲರನ್ನೂ ಮಾತಾಡಿಸಿ, ಒಲೆಯ ಪಕ್ಕದ ಹಳೆಯ ಸ್ಟೂಲನ್ನೇ ಎಳೆದುಕೊಂಡು ಕೂತ. ಬೈಯುತ್ತಾನೆಂದು ಕಾದಿದ್ದವರಿಗೆ ಅವನ ನಯವೇ ಭಯ ಹುಟ್ಟಿಸಿತು.

ಅವನು ಹೇಳಿದ್ದಿಷ್ಟು. ಆ ಟೇಪಿನ ಹೆಂಗಸಿನ ಮಾತು ಯಾರೂ ಕೇಳುತ್ತಿಲ್ಲ. ಪಕ್ಷದ ಹಳೆಯ ಮನೆಗಳೇ ಈ ಸಲ ಬಾಗಿಲು ಹಾಕಿಕೊಂಡು ಕೂತಿವೆ. ಕೊನೆಯ ಸಭೆಗೆ ದೊಡ್ಡ ನಾಯಕರು ಬರುತ್ತಾರೆ, ಅಣ್ಣನೇ ಬೀದಿ ಸುತ್ತಿ ಜನರನ್ನು ಕರೆಯಬೇಕು. ಶಾಲೆಯ ಗೋಡೆ ಮುಗಿಯುವಲ್ಲಿ ಹಳೆಯ ಮಾತಿನ ಬದಲು ಒಂದು ಹೊಸ ಮಾತು ಹೇಳಬೇಕು. ಹೇಳಿದರೆ ಆದದ್ದೆಲ್ಲ ಆಗಲೇ ಇಲ್ಲ ಎಂದುಕೊಳ್ಳೋಣ. ಪುರಭವನದ ಕೆಲಸ ಹುಡುಗನಿಗೇ. ಅಜ್ಜಿಗೂ ವೇದಿಕೆಯ ಮೇಲೆ ಕುರ್ಚಿ ಹಾಕಿಸುತ್ತೇನೆ.

ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದರು.

"ಒಂದು ಕೇಳ್ತೀನಿ ಕಣಪ್ಪ. ಈ ಅಂಗಡಿ ವಿಷಯ ಮೇಲಿನವರಿಗೆ ಗೊತ್ತಾ?"

ಅಧ್ಯಕ್ಷ ಹೆಮ್ಮೆಯಿಂದ ನಕ್ಕ. "ಗೊತ್ತಿಲ್ಲದೆ ಏನಜ್ಜಿ? ಕಳೆದ ತಿಂಗಳು ಅಂಗಡಿ ಮುಂದೆನೇ ಗಾಡಿ ನಿಲ್ಲಿಸಿ, ಜಾಗ ಚೆನ್ನಾಗಿ ಹಿಡಿದಿದೀಯ ಕಣೋ ಅಂತ ನನ್ನ ಬೆನ್ನು ತಟ್ಟಿ ಹೋದ್ರು."

ಅತ್ತೆ ಅವನ ಎದುರಿನ ಖಾಲಿ ಲೋಟವನ್ನು ತಾವೇ ಎತ್ತಿಕೊಂಡು, ತಿಂಗಳುಗಳಿಂದ ಪಾತ್ರೆ ಮುಟ್ಟದವರು, ಬಚ್ಚಲವರೆಗೆ ಹೋಗಿ ತೊಳೆದರು. ತೊಳೆಯುತ್ತಲೇ ಇದ್ದರು. ಕೊನೆಗೆ ಸೊಸೆ ಹೋಗಿ ನಲ್ಲಿ ನಿಲ್ಲಿಸಬೇಕಾಯಿತು. ಆ ದಿನದ ಊಟಕ್ಕೆ ಅವರು ಏಳಲಿಲ್ಲ. ಮೇಲಿನವರ ಮಾತನ್ನೂ ಮತ್ತೆ ಎತ್ತಲಿಲ್ಲ.

ಎರಡು ದಿನ ಬಿಟ್ಟು ಮೈಕಣ್ಣ ನಡುಮನೆಯಲ್ಲಿ ಚಿಕ್ಕ ಸ್ಪೀಕರನ್ನು ಹಚ್ಚಿ, ದನಿ ತಗ್ಗಿಸಿ, ಹೊಸ ಮಾತನ್ನು ಹೇಳಿ ನೋಡಿದ. ಅವಳು ಬಟ್ಟೆ ಮಡಚುತ್ತಿದ್ದಳು.

"ಶಾಲೆಯ ರಸ್ತೆಯ ಅಂಗಡಿ ಕಾನೂನಿನ ಪ್ರಕಾರವೇ ಇದೆ. ಅದರ ತೆರಿಗೆಯಿಂದ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಹೊಸ ಕಟ್ಟಡ ಏಳಲಿದೆ."

ಮಗು ಕಾಣೆಯಾದಾಗ ತಾಯಂದಿರು ಬಾಗಿಲಿಗೆ ಓಡಿಬಂದು ಕೇಳುತ್ತಿದ್ದ ದನಿಯೇ. ಅದೇ ತೂಕ, ಅದೇ ನಂಬಿಗೆ. ಎಲ್ಲೂ ಮುಕ್ಕಾಗಿರಲಿಲ್ಲ.

"ಹೇಗಿತ್ತು?" ಎಂದ.

"ಚೆನ್ನಾಗೇ ಬಂತು."

"ಅದೇ ಕಣೇ ಸಂಕಟ. ತಡವರಿಸಿದ್ರೆ ಆಗಲ್ಲ ಅಂತ ಒಂದು ನೆವ ಸಿಗ್ತಿತ್ತು."

"ಹಾಗಾದ್ರೆ ಹೋಗ್ತೀರಾ?"

ಅವನು ಮೈಕಿನ ಜಾಲರಿಯನ್ನು ಅಂಗಿಯ ತುದಿಯಿಂದ ಒರೆಸುತ್ತ ಕೂತ. ಹೋಗುತ್ತೇನೆ ಎಂದ. ಬಿಟ್ಟು ಹೋಗುವುದಾದರೂ ಎಲ್ಲಿಗೆ, ಆ ಕಡೆಯವರು ಬಂದರೆ ಇನ್ನೆರಡು ಅಂಗಡಿ ತೆರೆಯುತ್ತಾರೆ ಎಂದ. ಹುಡುಗನ ಕೆಲಸ ಎಂದ. ಇಷ್ಟು ವರ್ಷ ಅವರ ಅನ್ನ ತಿಂದಿದ್ದೇವೆ ಎಂದ. ಒಂದೊಂದು ಕಾರಣಕ್ಕೂ ಅವಳು ಒಂದೊಂದು ಬಟ್ಟೆ ಮಡಚಿಟ್ಟಳು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಹಾಸಿಗೆಯ ಮೇಲೆ ಅತ್ತೆ ಗೋಡೆಯ ಕಡೆ ಮಗ್ಗುಲಾದ ಸದ್ದು ಕೇಳಿಸಿತು.

ಸಭೆಯ ದಿನ ಮಗ ಗಾಡಿಯನ್ನು ತೊಳೆದು, ಮೇಲೆ ಎರಡು ದೊಡ್ಡ ಸ್ಪೀಕರು ಬಿಗಿದು, ಬಾವುಟ ಕಟ್ಟಿದ. ಎಷ್ಟೋ ದಿನಗಳ ಮೇಲೆ ಶಿಳ್ಳೆ ಹಾಕುತ್ತಿದ್ದ. ಅವಳು ಎಲ್ಲರಿಗೂ ಒಂದೊಂದು ಮೊಟ್ಟೆ ಬೇಯಿಸಿದಳು. ಅತ್ತೆಗೆ ಹುಷಾರಿಲ್ಲ, ಬರುವುದಿಲ್ಲ ಎಂದು ಹೇಳಲು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದಳು. ಆದರೆ ತಟ್ಟೆ ಹಿಡಿದು ಒಳಗೆ ಹೋದರೆ ಅವರು ತಲೆ ಬಾಚಿಕೊಂಡು, ಇಸ್ತ್ರಿಯ ಬಟ್ಟೆಯುಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹೋಗಲೇಬೇಕಾ ಅತ್ತೆ?"

"ಅವರ ಮುಖ ನೋಡಬೇಕು."

"ನೋಡಿ ಏನು ಮಾಡ್ತೀರಿ?"

"ನೋಡಿದ ಮೇಲೆ ಗೊತ್ತಾಗುತ್ತೆ. ಓಟು ಅವರಿಗೇ ಹಾಕ್ತೀನೋ ಏನೋ. ಈ ವಯಸ್ಸಿನಲ್ಲಿ ಹೊಸ ಗುರುತು ಹುಡುಕಿ ಒತ್ತೋಕೆ ನನಗೆ ಕಣ್ಣೆಲ್ಲಿದೆ?" ಮೊಟ್ಟೆಯ ಸಿಪ್ಪೆ ಬಿಡಿಸುತ್ತ ತಡೆದು ಹೇಳಿದರು: "ಆವತ್ತು ನನ್ನ ಪಕ್ಕ ಬಂದು ಕೂತಿದ್ದವರು ಅವರೇ ಕಣೆ. ನೆಲದ ಮೇಲೆ. ಅದನ್ನ ಸುಳ್ಳು ಅನ್ನೋಕಾಗಲ್ವಲ್ಲ."

ಅಪ್ಪ ಮಗ ಇಬ್ಬರೂ ಸೇರಿ ಅವರನ್ನು ಎತ್ತಿ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿದರು. ಮಗ ಆ ಕಡೆಯಿಂದ ಹತ್ತಿ ಸ್ಟಿಯರಿಂಗು ಹಿಡಿದ. ಅಷ್ಟರಲ್ಲಿ ಅಧ್ಯಕ್ಷ ಬಂದ. ಅಜ್ಜಿಯನ್ನು ಕಂಡು ಅವನ ಮುಖ ಅರಳಿತು. ಮುಂದಿನ ಸೀಟಿನ ಸುತ್ತ ಒಮ್ಮೆ ಸುತ್ತಿ ಬಂದು, ಏನೋ ಹೊಳೆದವನ ಹಾಗೆ ತೊಡೆ ತಟ್ಟಿಕೊಂಡ.

"ಅಣ್ಣ, ಇಲ್ಲಿಂದಲೇ ಶುರು ಮಾಡಿ, ಬೀದಿಗೆ ಕೇಳಲಿ. ಅಂಗಡಿ ಮಾತಿಗೆ ಮುಂಚೆ ಒಂದೇ ಒಂದು ಸೇರಿಸ್ಕೊಳ್ಳಿ. ಹಿಂದೆ ಅಂಗಡಿ ಮುಚ್ಚಿಸಿದ ತಾಯಿನೇ ಇವತ್ತು ನಮ್ಮ ಗಾಡೀಲಿ ಕೂತಿದಾರೆ, ಈ ಅಂಗಡಿಗೆ ಅವರ ಒಪ್ಪಿಗೆ ಇದೆ ಅಂತ."

ಅವಳು ಫ್ಲಾಸ್ಕು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಗಂಡ ಗಾಡಿಯ ಕಿಟಕಿಯ ಕಡೆ ತಿರುಗಿದ.

"ಅಮ್ಮ, ಕೇಳಿಸ್ತಾ?"

"ನನ್ನ ಕಿವಿಗೇನಾಗಿದೆ?"

"ನಿನ್ನ ಒಪ್ಪಿಗೆ ಇದೆಯಾ?"

ಅತ್ತೆ ಎದುರಿನ ಗಾಜಿನಾಚೆ ರಸ್ತೆಯನ್ನೇ ನೋಡುತ್ತಿದ್ದರು. "ಅದನ್ನ ಇಲ್ಲಿವರೆಗೂ ನನ್ನ ಯಾರು ಕೇಳಿದ್ರು?" ಎಂದರು. ಇಳಿಯುವ ಲಕ್ಷಣವೇನೂ ತೋರಿಸಲಿಲ್ಲ.

"ಅಪ್ಪ, ಒಂದು ಮಾತು ತಾನೆ," ಎಂದ ಮಗ, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟುಕೊಂಡು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಚಿಕ್ಕವನಿದ್ದಾಗ ಹೆಗಲಿನಿಂದ ಇಳಿಸಬೇಡ ಎಂದು ಕೇಳುತ್ತಿದ್ದ ಹಾಗೆ. "ಹೇಳಿ ಮುಗಿಸಿಬಿಡು."

ಅಧ್ಯಕ್ಷ ಮೈಕಿನ ಗುಂಡಿ ಒತ್ತಿ, ಬೆರಳಿನಿಂದ ತಟ್ಟಿ ನೋಡಿದ. ಗಾಡಿಯ ಮೇಲೆ ಟಕಟಕ ಎಂದಿತು. ಎದುರುಮನೆಯ ಕಿಟಕಿ ತೆರೆಯಿತು. ಬೀದಿಯ ತುದಿಯಲ್ಲಿ ಡೇರಿಯವನು ಕ್ಯಾನು ಕೆಳಗಿಟ್ಟು ತಿರುಗಿ ನೋಡಿದ. ಮೈಕಣ್ಣನ ಬಾಯಿಯ ಎತ್ತರಕ್ಕೆ ಮೈಕು ಹಿಡಿದು ಅಧ್ಯಕ್ಷ ಹೇಳಿದ: "ತಗೊಳ್ಳಿ ಅಣ್ಣ."

ಮೈಕಣ್ಣನ ಕೈ ಮೇಲೇಳಲಿಲ್ಲ. ಅವನು ಹೆಂಡತಿಯ ಕಡೆ ನೋಡಿದ. ಫ್ಲಾಸ್ಕಿಗಾಗಿ ಎಂದುಕೊಂಡು ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅಲ್ಲವೆಂದು ಗೊತ್ತಾಗಿ ಅಲ್ಲೇ ನಿಂತಳು. ಈ ಸಲ ಬಾಯಿ ತಾನಾಗಿ ತೆರೆಯಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು, ಬೇಕೆಂದೇ ತೆರೆದ.

"ಹೇಳಲ್ಲ," ಎಂದ. ಗಾಡಿಯ ಮೇಲಿನ ಎರಡೂ ಸ್ಪೀಕರುಗಳು ಅದನ್ನೇ ಹೇಳಿದವು, ಡೇರಿಯವರೆಗೂ.